ಅಂಟಿನುಂಡೆಯ ಮಹಿಮೆ

ತೊಂದರೆ ಶುರುವಾದದ್ದು ಒಂದು ಬ್ಲೌಸಿನಿಂದ. ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಮೂಡಿಗೆರೆಗೆ ಮರಳಿದ ತನುಜಾ ಎರಡು ವಾರ ನೈಟಿಯ ಮೇಲೆ ಶಾಲು ಹೊದ್ದು ಕೋಣೆಯಲ್ಲೇ ಇದ್ದಳು. ಸೋಂಕಾಗುತ್ತದೆಂದು ಹೆದರಿಸಿ ಗಂಡ ವಿಶ್ವನಾಥ ಯಾರನ್ನೂ ಒಳಗೆ ಬಿಟ್ಟಿರಲಿಲ್ಲ. ಇನ್ನೂ ತಡೆದರೆ ಜನ ಬಾಗಿಲು ಮುರಿದಾರು ಎನಿಸಿ ಆ ಬೆಳಿಗ್ಗೆ ಅವಳು ಸೀರೆ ಉಡಲು ಹೊರಟಳು. ಬ್ಲೌಸು ಬೀಜ ಸುರಿದು ಖಾಲಿಯಾದ ಕಾಫಿ ಚೀಲದ ಹಾಗೆ ಜೋತುಬಿತ್ತು. ಮಂಚದ ಮೇಲೆ ಕೂತು ಅತ್ತಳು.

ಮದುವೆಯಾದ ಹೊಸತರಲ್ಲಿ ಯಾರೋ ‘ಹಲಗೆ’ ಎಂದು ಆಡಿಕೊಂಡದ್ದನ್ನು ಮನಸ್ಸಿಗೆ ಹಚ್ಚಿಕೊಂಡು, ಗೋಣಿಬೀಡಿನ ತವರಿಗೆ ಹೋಗುತ್ತೇನೆಂದು ಸುಳ್ಳು ಹೇಳಿ, ಬೆಂಗಳೂರಿನಲ್ಲಿ ಎದೆಯೊಳಗೆ ಸಿಲಿಕಾನ್ ಚೀಲ ಇಡಿಸಿಕೊಂಡು ಬಂದಿದ್ದಳು. ಅದು ವಿಶ್ವನಾಥನಿಗೆ ಮಾತ್ರ ಗೊತ್ತಿದ್ದ ಗುಟ್ಟು. ಬರಬರುತ್ತಾ ಅವು ಗಟ್ಟಿಯಾಗಿ, ಮಗ್ಗುಲು ಬದಲಿಸಿದರೆ ಪ್ರಾಣ ಹೋಗುವಂಥ ನೋವು. ಈಗ ತೆಗೆಸಿದ್ದಾಯಿತು. ಡಾಕ್ಟರಮ್ಮ ಎಲ್ಲ ಹೇಳಿಯೇ ಕಳಿಸಿದ್ದರು. ಕೈ ಭುಜಕ್ಕಿಂತ ಮೇಲೆತ್ತಬೇಡಿ, ಭಾರ ಎತ್ತಬೇಡಿ, ಬಿಗಿಪಟ್ಟಿ ಬಿಚ್ಚಬೇಡಿ, ಅಂಗಾತ ಮಲಗಿ. ಚರ್ಮ ಸುಕ್ಕಾಗಿ ಕಾಣುತ್ತದೆ, ಅಲ್ಲಲ್ಲಿ ಜೋಮು ಹಿಡಿದ ಹಾಗಿರುತ್ತದೆ, ಸುಮ್ಮಸುಮ್ಮನೆ ಅಳು ಬರುತ್ತದೆ, ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ನೆರೆಯವರು ಬಂದರೆ ಏನು ಮಾಡಬೇಕೆಂದು ಮಾತ್ರ ಆ ಪುಣ್ಯಾತ್ಗಿತ್ತಿ ಹೇಳಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಸಂಕಟ ಅತ್ತೆ ಕಲ್ಲಮ್ಮನವರದು. ಸೊಸೆ ಮೈತುಂಬಿಕೊಂಡದ್ದು ತಾವು ತಿನ್ನಿಸಿದ ಅಂಟಿನುಂಡೆಯಿಂದಲೇ ಎಂದು ಅವರು ಅಂದಿನಿಂದ ಊರಿಗೆಲ್ಲ ಸಾರಿಕೊಂಡು ಬಂದಿದ್ದರು. ಸಣಕಲು ಹೆಣ್ಣುಮಕ್ಕಳನ್ನು ಅವರ ಮನೆಗೆ ಕರೆತಂದು ಉಂಡೆ ತಿನ್ನಿಸುವುದು ಆ ಬೀದಿಯ ರೂಢಿಯೇ ಆಗಿಹೋಗಿತ್ತು. ಗುಟ್ಟು ಬಯಲಾದರೆ ಮುದುಕಿಯ ಮಾನ ಹೋಗುತ್ತದೆ. ಆಮೇಲೆ ಆ ಮುಖ ನೋಡಿಕೊಂಡು ಬಾಳಬೇಕಾದವಳು ತನುಜಾ. ಹಾಗಾಗಿ ಗಂಡ ಹೆಂಡತಿ ಸೇರಿ ಪಿತ್ತಕೋಶದ ಕಲ್ಲು ತೆಗೆಸಿದ್ದೆಂದು ಹೇಳಿಬಿಟ್ಟಿದ್ದರು.

ಬಾಗಿಲು ತೆಗೆದದ್ದೇ ತಡ, ಪಕ್ಕದ ಮನೆಯ ಶಂಕರಮ್ಮ ಬಂದರು. ಅವರಿಗೂ ಪಿತ್ತಕೋಶದ ಆಪರೇಷನ್ ಆಗಿತ್ತು. ತಮ್ಮ ಕಲ್ಲುಗಳನ್ನು ಬಾಟಲಿಯಲ್ಲಿಟ್ಟು ಬಂದವರಿಗೆಲ್ಲ ತೋರಿಸುವುದು ಅವರ ಹೆಮ್ಮೆ. ಇವತ್ತು ಬಾಟಲಿಯ ಸಮೇತ ಬಂದಿದ್ದರು.

“ಎಲ್ಲಿ, ನಿಂದು ತೋರ್ಸು ಮಾರಾಯ್ತಿ.”

ತನುಜಾ ಗಂಡನ ಮುಖ ನೋಡಿದಳು. ವಿಶ್ವನಾಥ ಹಿತ್ತಲಿಗೆ ಓಡಿ, ಡಬ್ಬಿಯೊಂದರಲ್ಲಿ ಎರಡು ಹರಳು ಹಾಕಿಕೊಂಡು ಬಂದ. ಶಂಕರಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಇದೆಂತ ವಿಶ್ವಣ್ಣ, ರಸ್ತೆಗೆ ಹಾಕೋ ಜಲ್ಲಿ ಇದ್ದಂಗಿದೆ! ಇಷ್ಟು ದೊಡ್ಡದು ಒಳಗೆ ಹಿಡೀತಾ?”

“ಅದಕ್ಕೇ ಅಷ್ಟು ನೋವು ಶಂಕರಮ್ಮ,” ಎಂದ ವಿಶ್ವನಾಥ.

“ಗಾಯ ನೋಡಣ. ನಂಗೆ ಹೊಟ್ಟೆ ಮೇಲೆ ನಾಲ್ಕು ತೂತು ಮಾಡಿದ್ರು.”

ಗಾಬರಿಯಲ್ಲಿ ತನುಜಾ ಹಿಂದೆ ಸರಿದಳು. ಸೀರೆಯ ಮೇಲೆ ಹೊದ್ದಿದ್ದ ಶಾಲು ಸೆರಗಿನ ಸಮೇತ ಹೆಗಲಿನಿಂದ ಜಾರಿತು. ಹಿಡಿಯಲು ಕೈ ಮೇಲೇಳಲಿಲ್ಲ. ಶಂಕರಮ್ಮನ ಕಣ್ಣು ಬ್ಲೌಸಿನ ಮೇಲೆ ನಿಂತಿತು. ಅವರು ಬಾಟಲಿಯ ಮುಚ್ಚಳ ಬಿಗಿಮಾಡಿಕೊಂಡು ಎದ್ದುಹೋದರು. ಶಂಕರಮ್ಮ ಬಾಯಿ ಮುಚ್ಚಿಕೊಂಡು ಹೋದರೆಂದರೆ ಅದನ್ನು ತೆರೆಯಲು ಬೇರೆ ಜಾಗ ಹುಡುಕಿಕೊಂಡು ಹೋದರೆಂದೇ ಲೆಕ್ಕ.

ಮಧ್ಯಾಹ್ನದ ಹೊತ್ತಿಗೆ ತನುಜಾಳಿಗೆ ಕ್ಯಾನ್ಸರ್ ಬಂದಾಗಿತ್ತು. ಎದುರು ಮನೆಯ ಸರ್ವಮಂಗಳಾ ಎಳನೀರು ಹಿಡಿದುಕೊಂಡು ಅಳುತ್ತಲೇ ಒಳಗೆ ಬಂದಳು.

“ಎಷ್ಟು ಅಂತ ಒಳಗೇ ನುಂಗ್ತೀಯೇ? ನಮ್ಮತ್ರ ಎಂತ ಮುಚ್ಚುಮರೆ?”

“ಕ್ಯಾನ್ಸರ್ ಅಲ್ಲ ಅಕ್ಕ, ದೇವರಾಣೆಗೂ ಅಲ್ಲ.”

“ಮೊದ್ಲು ಎಲ್ಲರೂ ಹಂಗೇ ಹೇಳೋದು ಕಣೇ,” ಎಂದು ಸರ್ವಮಂಗಳಾ ಇನ್ನೂ ಜೋರಾಗಿ ಅತ್ತಳು. ಇತ್ತ ತನ್ನ ಅಂಗಡಿಗೆ ಹೋಗಿದ್ದ ವಿಶ್ವನಾಥನನ್ನು ಗಿರಾಕಿಗಳು ತಬ್ಬಿಕೊಂಡು ಸಮಾಧಾನ ಮಾಡಿದರು. ಸಮಾಧಾನ ಮಾಡಿಸಿಕೊಂಡು ಮಾಡಿಸಿಕೊಂಡು ಅವನಿಗೂ ಅಳು ಬಂದು, ಸುದ್ದಿ ಖಾತ್ರಿಯಾಯಿತು.

ಸಂಜೆ ಪ್ರೇಮಕುಮಾರಿ ಬಂದಳು. ಮಗಳಿಗೆ ಗಂಡು ಕೂಡಿಬರಲೆಂದು ಎರಡು ವರ್ಷದಿಂದ ಉಂಡೆ ತಿನ್ನಿಸುತ್ತಿದ್ದವಳು ಅವಳು. ಜಗಲಿಯಲ್ಲೇ ನಿಂತು ಕೂಗಾಡಿದಳು.

“ಕಲ್ಲಮ್ಮೋರೇ, ಬಂದ ಮೈ ಹಿಂಗೆ ಇಳಿದುಹೋಗೋದಾದ್ರೆ ನಮ್ಮ ಹುಡುಗಿ ತಿಂದು ಎಂತ ಪ್ರಯೋಜನ? ಉಂಡೆ ತಿಂದೇ ಕಾಯಿಲೆ ಬಂತು ಅಂತಾರೆ ಜನ!”

ಯಾರಿಗೂ ಮಾತಿನಲ್ಲಿ ಸೋಲದ ಕಲ್ಲಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಕೂತಿದ್ದನ್ನು ತನುಜಾ ಕಿಟಕಿಯಿಂದ ನೋಡಿದಳು. ನನ್ನಿಂದ ಮುದುಕಿಗೆ ಈ ಗತಿ ಬಂತಲ್ಲ ಎಂದು ಸತ್ತೇಹೋಗಬೇಕೆನಿಸಿತು. ಕಲ್ಲಮ್ಮ ಪ್ರೇಮಕುಮಾರಿಯನ್ನು ಗೇಟಿನವರೆಗೆ ಕರೆದೊಯ್ದು, ಏನೋ ಹೇಳಿ ಕಳಿಸಿ, ನೇರ ಅಡುಗೆಮನೆಗೆ ಹೋಗಿ ಬಾಣಲೆಗೆ ತುಪ್ಪ ಹಾಕಿದರು. ಏನಾದರಾಗಲಿ ಎಂದು ತನುಜಾ ಹಿಂದೆಯೇ ಹೋದಳು.

“ಅತ್ತೆ, ಕಲ್ಲೂ ಅಲ್ಲ, ಕ್ಯಾನ್ಸರೂ ಅಲ್ಲ,” ಎಂದು ಶುರುಮಾಡಿ, ಬೆಂಗಳೂರಿನಿಂದ ಮಂಗಳೂರಿನವರೆಗೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು.

“ಗೊತ್ತು,” ಎಂದರು ಕಲ್ಲಮ್ಮ.

“ಗೊತ್ತಾ?”

“ಆ ವರ್ಷ ಯುಗಾದಿಗೆ ಎಣ್ಣೆ ಹಚ್ಚಿ ನೀರು ಹಾಕಿದ್ದು ಯಾರು? ಎದೆ ಕೆಳಗಿನ ಹೊಲಿಗೆ ಕಾಣಲ್ವಾ ನಂಗೆ? ತುಪ್ಪ ತಿಂದ್ರೆ ಎಲ್ಲಿಗೆ ಹೋಗುತ್ತೆ ಅಂತ ನನ್ನ ಸೊಂಟ ನೋಡಿದ್ರೇ ತಿಳಿಯುತ್ತೆ. ಶಂಕರಮ್ಮ ಒಂದು ಮದುವೆ ಮನೇಲಿ ‘ನಿಮ್ಮ ಸೊಸೆ ಎಂತ ತಿಂತಾಳೆ’ ಅಂತ ಎಲ್ಲರ ಮುಂದೆ ಕೇಳಿದ್ಲು. ನಿನ್ನ ಮಾನ ಹೋಗ್ಬಾರ್ದು ಅಂತ ಬಾಯಿಗೆ ಬಂದಿದ್ದು ಹೇಳ್ದೆ. ಅವತ್ತಿಂದ ಉಂಡೆ ಕಟ್ತಾ ಇದ್ದೀನಿ ತಾಯಿ, ಕೈ ಬಿದ್ದುಹೋಗಿದೆ.”

ತನುಜಾಳಿಗೆ ಮತ್ತೆ ಅಳು ಬಂತು. ಈ ಸಲ ಕಾರಣವಿತ್ತು. ಎದೆಯ ಮೇಲಿನ ಭಾರ ನಿಜವಾಗಿ ಇಳಿದದ್ದು ಈಗ ಎನಿಸಿತು.

“ಹಾಗಾದ್ರೆ ಎಲ್ಲರಿಗೂ ನಿಜ ಹೇಳಿಬಿಡೋಣ ಅತ್ತೆ. ನಿಮಗೂ ಈ ಕಷ್ಟ ತಪ್ಪುತ್ತೆ.”

ಕಲ್ಲಮ್ಮ ಒಲೆ ಸಣ್ಣ ಮಾಡಿದರು.

“ಈಗ ಎಲ್ಲಿ ಆಗುತ್ತೆ? ಕಲ್ಲು ತೆಗ್ಸಿದ್ದಕ್ಕೆ ಮೈ ಇಳಿದಿದೆ ಅಷ್ಟೇ, ನನ್ನ ಉಂಡೇಲೇ ದೀಪಾವಳಿಯೊಳಗೆ ಮೊದ್ಲಿನ ಹಾಗೇ ಮಾಡಿ ತೋರಿಸ್ತೀನಿ, ಶಿವನಾಣೆ ಅಂತ ಪ್ರೇಮಕುಮಾರಿಗೆ ಹೇಳಿ ಕಳಿಸಿದ್ದೀನಿ. ಬೀದಿಯೋರೆಲ್ಲ ನೋಡೋಕೆ ಬರ್ತಾರೆ,” ಎಂದವರು ದನಿ ತಗ್ಗಿಸಿದರು. “ಆ ಡಾಕ್ಟರಮ್ಮ ತೆಗೆದಿದ್ದನ್ನ ಎಸೆದಿಲ್ಲ ತಾನೇ? ಒಂದು ಫೋನ್ ಮಾಡಿ ಕೇಳು.”