ಶೀತ ತೆಗೆಯೋ ಮೆಷಿನ್ನು

ಯಸಳೂರಲ್ಲಿ ಟೈಲರಿಂಗ್ ಅಂಗಡಿ ಇಟ್ಕೊಂಡೋಳಿಗೆ ನಗೋಕೆ ಅಂತ ಬೇರೆಲ್ಲೂ ಹೋಗೋ ಕೆಲಸವಿಲ್ಲ. ಬ್ಲೌಸಿನ ಅಳತೆ ಕೊಡೋಕೆ ಬಂದೋರು ಮನೇಲಿ ನಡೆದಿದ್ದನ್ನೆಲ್ಲ ಹೇಳಿ ಮುಗಿಸಿಯೇ ಎದ್ದು ಹೋಗೋದು. ಅದರಲ್ಲೂ ಈ ಮಳೆಗಾಲದಲ್ಲಿ ನಮ್ಮಂಗಡಿಗೆ ಒಂದು ಪುಟ್ಟ ಮೆಷಿನ್ನು ಬಂತು ನೋಡಿ, ಆಮೇಲೆ ದಿನಾ ಒಂದಲ್ಲ ಒಂದು. ಕರೆಂಟ್ ಇಲ್ಲದ ದಿನವಾದರೂ ಸುಮ್ಮನಿರಬಹುದು ಅಂದ್ಕೊಂಡಿದ್ದೆ. ಅವತ್ತೂ ನಡೀತು.

ನನ್ನ ಅಂಗಡಿ ಅಂದ್ರೆ ಒಂದು ಹೊಲಿಗೆ ಮೆಷಿನ್ನು, ಒಂದು ಬೀರು, ಒಂದು ಕನ್ನಡಿ, ನಾನು. ಇಬ್ಬರು ಗಿರಾಕಿ ಒಟ್ಟಿಗೆ ಬಂದ್ರೆ ಒಬ್ಬರು ಬಾಗಿಲಲ್ಲಿ ನಿಲ್ಲಬೇಕು. ಮಳೆ ಹಿಡೀತು ಅಂದ್ರೆ ಬೀರು ಒಳಗಿನ ಸೀರೆಗೆಲ್ಲ ಮುಗ್ಗಲು ವಾಸನೆ, ಕರೀ ಬಟ್ಟೆ ಮೇಲೆಲ್ಲ ಬಿಳೀ ಬೂಷ್ಟು. ಒಬ್ಬಳಂತೂ ಬ್ಲೌಸ್ ಬಿಡಿಸಿ ನೋಡಿ, "ಅಕ್ಕಾ, ನಾನು ಕೊಟ್ಟಿದ್ದು ಪ್ಲೇನ್ ಪೀಸು, ಇದ್ರಲ್ಲಿ ಹೂವು ಹೆಂಗೆ ಬಂತು?" ಅಂತ ಕೇಳ್ಬುಟ್ಲು.

ನನಗಿಂತ ಪಾಡು ಪಡ್ತಿದ್ದೋರು ಪಕ್ಕದಂಗಡಿಯ ಗಣಪತಿ ಮಾಡೋ ಅಣ್ಣ. ಇಬ್ಬರ ಅಂಗಡಿಗೂ ಮಧ್ಯೆ ಒಂದೇ ಗೋಡೆ. ನನ್ನ ಸೀರೆ ಮುಗ್ಗೋ ಕಾಲಕ್ಕೆ ಅವರ ಗಣಪತಿ ಒಣಗ್ತಿರಲಿಲ್ಲ. ಹೋದ ವರ್ಷ ನಮ್ಮ ಬೀದಿ ಗಣಪತಿ ಹಸಿ ಹಸಿಯಾಗೇ ಬಣ್ಣ ಬಳಿಸ್ಕೊಂಡು ಕೂತ. ಪೂಜೆ ಮುಗಿಯೋ ಹೊತ್ತಿಗೆ ಭಟ್ಟರ ಕೈ ಮದುವೆ ಹೆಣ್ಣಿನ ಕೈ ಹಂಗೆ ಕೆಂಪಗಾಗಿತ್ತು. "ಈ ವರ್ಷವೂ ಹಿಂಗೇ ಆದ್ರೆ ಮುಂದಿನ್ ಸಲ ಹಾಸನದಿಂದ ತರ್ತೀವಿ ಕಣಣ್ಣ" ಅಂತ ಬೀದಿಯೋರು ಹೇಳಿಬಿಟ್ಟಿದ್ರು. ಅಣ್ಣನ ಹೆಂಡತಿಯೂ ಅಷ್ಟೇ. "ಸಾಕು ಈ ಮಣ್ಣಿನ ಸಹವಾಸ. ಮಗ್ಗೇಲಿ ನಮ್ಮಪ್ಪನ ಜಮೀನೈತೆ, ಬಂದು ಶುಂಠಿ ಹಾಕಿ" ಅಂತ ಒಂದೇ ಹಟ. ಅಪ್ಪನ ಕಾಲದಿಂದ ಗಣಪತಿ ಮಾಡ್ಕೊಂಡು ಬಂದ ಮನುಷ್ಯ ಮಣ್ಣು ತುಳೀತಾನೇ ಇದ್ರು.

ಮೂಗಿನ ಶೀತ

ಮೆಷಿನ್ನು ತಂದೋರು ನಮ್ಮನೆಯವರು. ಅವರು ಇಲ್ಲೇ ಒಂದು ಎಸ್ಟೇಟಲ್ಲಿ ಆಳುಗಳ ಲೆಕ್ಕ ಬರೆಯೋ ರೈಟರ್. ಡಿಹ್ಯುಮಿಡಿಫೈಯರ್ ಅಂತ ಅದರ ಹೆಸರು. ಗಾಳಿಯಲ್ಲಿರೋ ತೇವ ಎಳ್ಕೊಂಡು, ನೀರು ಮಾಡಿ, ಕೆಳಗಿನ ಡಬ್ಬಿಗೆ ತುಂಬಿಸ್ತದೆ. ಡಬ್ಬಿ ತುಂಬಿದ್ರೆ ಕುಂಯ್ ಅಂತ ಕೂಗಿ ನಿಂತ್ಕೊಳ್ತದೆ. ಅಷ್ಟುದ್ದದ ಹೆಸರು ಬಾಯಲ್ಲಿ ತಿರುಗದೆ ನಮ್ಮನೆಯವರು ಬೀದಿಗೆಲ್ಲ "ಶೀತ ತೆಗೆಯೋ ಮೆಷಿನ್ನು" ಅಂತ ಸಾರ್ಕೊಂಡು ಬಂದ್ರು. ನಮ್ಮ ಕಡೆ ಗೋಡೆಗೆ ಹಿಡಿಯೋದೂ ಶೀತ, ಮೂಗಿಗೆ ಹಿಡಿಯೋದೂ ಶೀತ. ಎಲ್ಲಾ ಶುರುವಾಗಿದ್ದೇ ಅಲ್ಲಿಂದ.

ಕುಂದೂರಿನ ಕಡೆಯ ಅಜ್ಜಿ ಒಬ್ಬರು ಮಗಳ ಮನೆಗೆ ಬಂದಿದ್ರು. ಮೂಗಿಗೆ ಸೆರಗು ಒತ್ಕೊಂಡು ಅಂಗಡಿಗೆ ಬಂದವರೇ ಮೆಷಿನ್ನಿನ ಮುಂದೆ ಸ್ಟೂಲ್ ಎಳ್ಕೊಂಡು ಕೂತ್ರು. ನಾನು ಬ್ಲೌಸಿಗೆ ಬಂದಿದಾರೆ ಅಂದ್ಕೊಂಡು ಟೇಪು ತಗೊಂಡೆ.

"ಅಳತೆ ಎಲ್ಲ ಯಾಕವ್ವ? ಹಂಗೇ ತೆಗೆಯೋಕಾಗಕಿಲ್ವಾ?" ಅಂದ್ರು ಅಜ್ಜಿ.

"ಅಳತೆ ಇಲ್ದೆ ಹೆಂಗಜ್ಜಿ?"

"ನಮ್ಮೂರ ಡಾಕ್ಟ್ರು ಮೂಗು ಅಳೀದೇ ಮಾತ್ರೆ ಕೊಡ್ತಾರೆ."

ಆಗ ನನಗೆ ಅರ್ಥ ಆಯ್ತು. ಅಜ್ಜೀ, ಇದು ಗೋಡೆ ಶೀತಕ್ಕೆ, ಮೂಗಿಂದಕ್ಕಲ್ಲ ಅಂತ ಎಷ್ಟು ಹೇಳಿದ್ರೂ ಕೇಳಲಿಲ್ಲ. "ಗೋಡೆಗೆ ಆಗೋದು ಮನುಷ್ಯರಿಗೆ ಯಾಕಾಗಕಿಲ್ಲ? ಸುಮ್ಕಿರು" ಅಂತ ಮುಖ ಒಡ್ಕೊಂಡು ಕೂತೇ ಇದ್ರು. ಅಷ್ಟೊತ್ತಿಗೆ ಮೆಷಿನ್ನು ಕುಂಯ್ ಅಂತು. ನಾನು ಡಬ್ಬಿ ಎಳೆದೆ, ಬೆಳಗಿನಿಂದ ಸೇರಿದ ನೀರು ಅಂಚಿನವರೆಗೂ ಬಂದಿತ್ತು. ಅಜ್ಜಿ ಬಗ್ಗಿ ನೋಡಿದ್ರು. ಒಂದು ಸಲ ಮೂಗು ಮುಟ್ಟಿ ನೋಡ್ಕೊಂಡ್ರು.

"ಅಯ್ಯಯ್ಯೋ! ಇಷ್ಟೊಂದು ನನ್ನ ಮೂಗಲ್ಲೇ ಇತ್ತಾ?"

ಬಾಗಿಲ ಕಾವಲು

ಒಂದು ದಿನ ನಾನು ಬಟನ್ ತರೋಕೆ ಸಕಲೇಶಪುರಕ್ಕೆ ಹೋಗಿದ್ದೆ. ಅಂಗಡಿ ನೋಡ್ಕೊಳ್ರೀ ಅಂತ ನಮ್ಮನೆಯವರನ್ನ ಕೂರಿಸಿದ್ದೆ. ಬಸ್ಸಿಳಿದು ಬಂದು ನೋಡ್ತೀನಿ, ಅಂಗಡಿ ಬಾಗಿಲು ಹಾರ್ಹೊಡೆದಿದೆ. ಮೆಷಿನ್ನು ಹೊಸ್ತಿಲ ಮೇಲೆ, ಮುಖ ರಸ್ತೆಗೆ. ಆಚೆ ಧೋ ಅಂತ ಮಳೆ. ಇವರು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು, ಕಾಫಿ ಕುಡೀತಾ, ಎಸ್ಟೇಟಲ್ಲಿ ಆಳುಗಳನ್ನ ನೋಡ್ಕೊಳ್ಳೋ ಹಂಗೆ ಮೆಷಿನ್ನು ನೋಡ್ಕೊಂಡು ಕೂತಿದಾರೆ.

"ರೀ, ಏನಿದು?"

"ಲೇ, ತೇವ ಬರೋದು ಹೊರಗಡೆಯಿಂದ ತಾನೆ? ಒಳಗೆ ಬಂದ ಮೇಲೆ ಹಿಡಿಯೋದೇನು, ಬಾಗಿಲಲ್ಲೇ ಹಿಡ್ಕೊಂಡ್ರೆ ಮುಗೀತು. ನೋಡಿಲ್ಲಿ, ಎರಡು ಡಬ್ಬಿ ತೆಗೆದೈತೆ! ನೀನು ಒಳಗಿಟ್ಟಾಗ ಯಾವತ್ತಾದ್ರೂ ಇಷ್ಟು ಬಂದಿತ್ತಾ?"

ಮುಖದಲ್ಲಿ ಏನು ಹೆಮ್ಮೆ ಅಂತೀರಾ! ಬಯ್ಯೋಕೆ ಬಾಯಿ ತೆಗೆದೋಳಿಗೆ ನಗು ಬಂದ್ಬುಡ್ತು. ನಮ್ಮೂರಿಂದ ಮುಂದಕ್ಕೆ ಹೋದ್ರೆ ಬಿಸಿಲೆ ಘಾಟಿ. ಹೆಸರಲ್ಲಿ ಬಿಟ್ರೆ ಮಳೆಗಾಲದಲ್ಲಿ ಅಲ್ಲಿ ಬಿಸಿಲು ಅನ್ನೋದೇ ಇಲ್ಲ.

"ಹಂಗೇ ಇಡ್ರೀ, ತೆಗೀಬೇಡಿ" ಅಂದೆ. "ಇನ್ನೊಂದೆರಡು ಡಬ್ಬಿ ಆದ್ರೆ ಬಿಸಿಲೆ ಘಾಟೀಲೂ ಸಂಡಿಗೆ ಹಾಕ್ಬೋದು."

ಹಸೀ ಬಾಣಂತಿ

ಹಬ್ಬ ಹತ್ತಿರ ಬಂತು. ಪಕ್ಕದ ಅಣ್ಣ ಬೀದಿ ಗಣಪತಿ ಮಾಡಿ ಹಿಂದಿನ ಸಣ್ಣ ಕೋಣೇಲಿ ಕೂರಿಸಿದ್ರು. ಮೊಣಕಾಲೆತ್ತರದ ಮುದ್ದು ಗಣಪತಿ. ಬೆರಳಿಟ್ರೆ ಬೆರಳಚ್ಚು ಬೀಳ್ತಿತ್ತು, ಅಷ್ಟು ಹಸಿ. ಅಣ್ಣ ಕೊಡಿ ಅಂತ ಕೇಳಲಿಲ್ಲ, ಕೇಳೋ ಜನವೇ ಅಲ್ಲ. ನಾನೇ ಮೆಷಿನ್ನು ಹೊತ್ಕೊಂಡು ಹೋಗಿ ಅಲ್ಲಿಟ್ಟೆ. ನನ್ನ ಸೀರೆ ಇನ್ನಷ್ಟು ದಿನ ಮುಗ್ಗಲಿ ಬಿಡಿ.

"ಅಕ್ಕಾ, ಸೊಂಡಿಲು, ಕಿವಿ ತೆಳ್ಳಗಿರ್ತವೆ. ಬೇಗ ಒಣಗಿ ಬಿರುಕು ಬಿಟ್ರೆ?" ಅಂದ್ರು ಅಣ್ಣ. ಅದಕ್ಕೆ ತಲೆ, ಕಿವಿ, ಸೊಂಡಿಲಿಗೆಲ್ಲ ಒದ್ದೆ ಬಟ್ಟೆ ಸುತ್ತಿದ್ರು. ಆ ಚಿಂತೆ ಮುಗೀತು. ಇನ್ನೊಂದು ಚಿಂತೆ ಬೀದಿಯೋರದ್ದು. ಹೋಗೋರು ಬರೋರೆಲ್ಲ ಬಾಗಿಲು ತೆಗೆದು "ಒಣಗಿದ್ನಾ?" ಅಂತ ಇಣುಕೋರು. ಪ್ರತೀ ಸಲವೂ ಒಂದು ಹೊರೆ ಒದ್ದೆ ಗಾಳಿ ಒಳಗೆ. ಹಿಂಗಾದ್ರೆ ಮೆಷಿನ್ನು ಏನು ಮಾಡ್ತದೆ ಪಾಪ.

ನಮ್ಮತ್ತೆಗೆ ಹೇಳಿದೆ, ಕೋಣೆ ಮುಚ್ಚಿರಬೇಕು, ಗಾಳಿ ಆಡಬಾರದು ಅಂತ. ಅತ್ತೆ ಬಾಣಂತನ ಮಾಡದ ಮನೆ ಈ ಸುತ್ತಲ್ಲಿಲ್ಲ. "ಅದೇನು ಮಹಾ! ಬಾಣಂತಿ ಕೋಣೆ ಇದ್ದಂಗೆ ತಾನೆ? ನಾನು ನೋಡ್ಕೊಳ್ತೀನಿ ಬಿಡು" ಅಂದವರೇ ಬಾಗಿಲಿಗೆ ಅಡ್ಡ ಮಣೆ ಹಾಕ್ಕೊಂಡು ಕೂತುಬಿಟ್ರು. ಅಭ್ಯಾಸಬಲ, ಒಂದು ಚೂರು ಸಾಂಬ್ರಾಣಿ ಹೊಗೆಯನ್ನೂ ಹಾಕಿದ್ರು. ಯಾರು ಬಂದ್ರೂ ಒಂದೇ ಮಾತು: "ಗಾಳಿ ಆಡಂಗಿಲ್ಲ. ತಲೆಗೆ ಬಟ್ಟೆ ಕಟ್ಟೈತೆ. ನಡೀರಿ ಅತ್ಲಾಗೆ."

ಸುದ್ದಿ ಬಸ್ಸು ಹತ್ತಿ ಮಗ್ಗೆಗೆ ಹೋಯ್ತು. ಅಲ್ಲಿ ತವರುಮನೇಲಿ ಶುಂಠಿ ಕಳೆ ಕೀಳ್ತಿದ್ದ ಅಣ್ಣನ ಹೆಂಡತಿಗೆ ಯಾರೋ ಪುಣ್ಯಾತ್ಗಿತ್ತಿ ಹೇಳಿದ್ಲಂತೆ, "ನಿನ್ನ ಗಂಡನ ಅಂಗಡಿ ಹಿಂದಿನ ಕೋಣೇಲಿ ಬಾಣಂತಿ ಅವ್ಳಂತೆ" ಅಂತ.

ಮರುದಿನದ ಬಸ್ಸಿಗೇ ಬಂದಿಳಿದ್ರು. ಕೈಯಲ್ಲಿ ಛತ್ರಿ, ಮಡಿಸಿದ್ದು. ಸುರಿಯೋ ಮಳೇಲಿ ಛತ್ರಿ ಮಡಿಸಿ ಹಿಡ್ಕೊಂಡು ಬರ್ತಾರೆ ಅಂದ್ರೆ ಅದು ಮಳೆಗಲ್ಲ ಅಂತ ನನಗೆ ಗೊತ್ತಾಯ್ತು.

"ಯಾರ್ರೀ ಒಳಗಿರೋದು?"

ಅಣ್ಣನಿಗೆ ಗಣಪತಿಯದೊಂದೇ ಧ್ಯಾನ. "ತಡಿಯೇ, ಬಾಗಿಲು ತೆಗೀಬೇಡ! ಇನ್ನೂ ಹಸಿ!" ಅಂದ್ಬುಟ್ರು.

"ಹಸೀ ಬಾಣಂತೀನಾ?" ಅಂತ ಆಯಮ್ಮ ಒಂದು ಕಿರುಚು ಕಿರುಚಿ, ನಮ್ಮತ್ತೆಯನ್ನೂ ಮಣೆಯನ್ನೂ ಒಟ್ಟಿಗೆ ಸರಿಸಿ, ಬಾಗಿಲು ನೂಕಿದ್ರು. ಸಾಂಬ್ರಾಣಿ ಹೊಗೆ. ಆ ಹೊಗೆಯಲ್ಲಿ ತಲೆ, ಕಿವಿಗೆಲ್ಲ ಬಟ್ಟೆ ಸುತ್ಕೊಂಡು ಗಣಪತಿ ಕೂತಿದ್ದ.

ಆಯಮ್ಮ ಛತ್ರಿ ಕೆಳಗಿಟ್ರು. ಕೈ ಮುಗಿದ್ರು. ಆಮೇಲೆ ಸೋತೆ ಅಂತ ಒಪ್ಕೊಳ್ಳೋಕೆ ಮನಸ್ಸಾಗದೆ ನಮ್ಮತ್ತೆ ಕಡೆ ತಿರುಗಿ ಅಂದ್ರು:

"ಏನು ಬಾಣಂತನ ಮಾಡ್ತಿದೀರಾ ದೊಡ್ಡಮ್ಮ? ಹೊಟ್ಟೆಗೆ ಬಟ್ಟೆ ಕಟ್ಟೇ ಇಲ್ವಲ್ಲ, ಒಂಚೂರೂ ಇಳಿದಿಲ್ಲ!"

ಲೈನ್‌ಮ್ಯಾನ್

ಆಯಮ್ಮ ವಾಪಸ್ ಹೋಗಲಿಲ್ಲ. ಶುಂಠಿ ಎಲ್ಲೂ ಓಡಿ ಹೋಗಲ್ಲ ಅಂತ ಗಂಡನ ಜೊತೆ ಗಣಪತಿ ಕಾಯೋಕೆ ನಿಂತ್ರು. ನಮ್ಮತ್ತೆ ಇನ್ನೊಂದು ಕಾನೂನು ತಂದ್ರು. ಗಣಪತಿ ಕೋಣೆಯಲ್ಲಿ ಬಂದ ನೀರನ್ನ ಚರಂಡಿಗೆ ಚೆಲ್ಲಂಗಿಲ್ಲ. "ಅದು ಅವನ ಮೈ ನೀರು ಕಣೇ. ತುಳಿದಾಡೋ ಜಾಗಕ್ಕೆ ಹಾಕ್ತೀಯಾ?" ಅಂತ ನಮ್ಮ ಬಚ್ಚಲ ಹಂಡೆಗೆ ತುಂಬಿಸ್ತಾ ಹೋದ್ರು. ಹಂಡೆ ತುಂಬಿತು, ಕೊಡ ತುಂಬಿತು. ನಾವು ಗಂಡ ಹೆಂಡ್ತಿ ಉಳಿದ ಒಂದು ಬಕೆಟಲ್ಲಿ ಸ್ನಾನ ಮಾಡ್ಕೊಂಡ್ವಿ.

ಎಲ್ಲ ಸರಿಹೋಯ್ತು ಅನ್ನೋ ಹೊತ್ತಿಗೆ ಗಾಳಿ ಎದ್ದು ಲೈನ್ ಮೇಲೆ ಮರ ಬಿತ್ತು. ಕರೆಂಟ್ ಹೋಯ್ತು. ಮೆಷಿನ್ನು ಸುಮ್ಮನಾಯ್ತು. ಗಣಪತಿ ಹೊಟ್ಟೆ ಇನ್ನೂ ಮೆತ್ತಗೆ, ಹಬ್ಬ ನಾಡಿದ್ದು. ಅಣ್ಣ ಬಣ್ಣದ ಡಬ್ಬಿಗಳಿಗೆ ಮುಚ್ಚಳ ಹಾಕಿ, "ಆಯ್ತು ಬಿಡಿ ಅಕ್ಕಾ. ಇದೇ ಕೊನೇದು ಅಂತ ಬರೆದೈತೆ" ಅಂದ್ರು. ಆಯಮ್ಮ, ಇಷ್ಟು ದಿನ ಮಣ್ಣು ಬೇಡ ಅಂತಿದ್ದೋರು, ಸೆರಗಲ್ಲಿ ಕಣ್ಣೊರೆಸ್ಕೊಂಡ್ರು.

ನಮ್ಮನೆಯವರು ಎಸ್ಟೇಟಿಗೆ ಹೋಗಿ ಗರಗಸ ತಂದ್ರು. ಹೋದ ವರ್ಷ ಹಾಸನದಿಂದ ತರ್ತೀವಿ ಅಂದಿದ್ದ ಜನವೇ ಮಳೆಗೆ ತಲೆ ಮೇಲೆ ಕಂಬಳಿಕೊಪ್ಪೆ ಹಾಕ್ಕೊಂಡು ಹಿಂದೆ ಹೊರಟ್ರು. ಲೈನ್‌ಮ್ಯಾನ್ ಒಬ್ಬನೇ ಮರದ ಹತ್ತಿರ ನಿಂತು ತಲೆ ಕೆರ್ಕೊಳ್ತಿದ್ನಂತೆ. ಇಷ್ಟು ಜನ ಬರೋದು ನೋಡಿ ಹೊಡೆಯೋಕೇ ಬಂದ್ರು ಅಂದ್ಕೊಂಡು ಜೀಪ್ ಹತ್ತಿದನಂತೆ. "ಇಳಿಯೋ ಮಾರಾಯ, ಮರ ಕಡಿಯೋಕೆ ಬಂದಿದೀವಿ" ಅಂತ ಹೇಳಿದ ಮೇಲೆ ಇಳಿದ. ಸಂಜೆಯೊಳಗೆ ಕರೆಂಟ್ ಬಂತು.

ನಾನು ಎಲ್ಲರಿಗೂ ಕಾಫಿ ಕೊಡುವಾಗ ಲೈನ್‌ಮ್ಯಾನ್ ಲೋಟ ಹಿಡ್ಕೊಂಡು ಅಂದ: "ಫ್ರಿಡ್ಜಲ್ಲಿ ಹಾಲು ಕೆಡ್ತೈತೆ ಅಂತ ಫೋನ್ ಮಾಡ್ತಾರೆ, ಸೀರಿಯಲ್ ಮುಗೀತೈತೆ ಅಂತ ಮಾಡ್ತಾರೆ. ಗಣಪತಿ ಹಸಿ ಐತೆ, ಬೇಗ ಕರೆಂಟ್ ಕೊಡಿ ಅಂತ ಕೇಳಿದ್ದು ನೀವೇ ಕಣ್ರೀ ಮೊದ್ಲು. ಕಂಪ್ಲೇಂಟ್ ಯಾರ ಹೆಸರಲ್ಲಿ ಬರ್ಕೊಳ್ಳಲಿ?"

ಸೊಂಡಿಲು

ಹಬ್ಬದ ದಿನ ಗಣಪತಿ ಹೊರಗೆ ಬಂದ. ಎಂಥಾ ಬಣ್ಣ ಅಂತೀರಾ! ಬಿರುಕಿಲ್ಲ, ಮಾಸಿಲ್ಲ. ಭಟ್ಟರು ಪೂಜೆ ಮುಗಿಸಿ ಎರಡೂ ಅಂಗೈ ಎತ್ತಿ ಬೀದಿಗೆಲ್ಲ ತೋರಿಸಿದ್ರು, ಒಂದು ಚುಕ್ಕೆ ಕೆಂಪಿರಲಿಲ್ಲ. ಜನ ಚಪ್ಪಾಳೆ ಹೊಡೆದ್ರು. ಅಣ್ಣ ಜನರ ಹಿಂದೆ ನಿಂತಿದ್ರು, ಮುಂದಕ್ಕೆ ಬನ್ನಿ ಅಂದ್ರೂ ಬರಲಿಲ್ಲ.

ಬಿಡೋ ದಿನ ಹೊಳೆ ಕಟ್ಟೆ ಮೀರಿ ಹರೀತಿತ್ತು. ಹತ್ತಿರ ಹೋಗೋ ಹಂಗಿರಲಿಲ್ಲ. ಬೀದಿಯಲ್ಲೇ ಟಬ್ ಇಟ್ಟು ಬಿಡೋಣ ಅಂತಾಯ್ತು. ನೀರು ತರೋಕೆ ಹೊರಟೋರನ್ನ ನಮ್ಮತ್ತೆ ತಡೆದ್ರು.

"ಬೇರೆ ನೀರು ಯಾಕೆ? ಅವನದ್ದೇ ಐತೆ."

ಹಂಡೆ ಬಂತು, ಕೊಡಗಳು ಬಂದ್ವು. ಕಂಬಳಿ ಒಗೆಯೋ ದೊಡ್ಡ ಟಬ್ಬು ತುಂಬಿತು. ಆ ಪುಟ್ಟ ಮೆಷಿನ್ನು ಇಷ್ಟೊಂದು ಎಳೆದಿತ್ತಾ ಅಂತ ನಾನೇ ಬೆರಗಾದೆ. ಅಣ್ಣ ತಮ್ಮ ಕೈಯಾರೆ ಗಣಪತಿಯನ್ನ ಇಳಿಸಿದ್ರು. ಗುಳುಗುಳು ಅಂತ ಗುಳ್ಳೆ ಎದ್ದವು. ದಿನಗಟ್ಟಲೆ ಮೈಯಿಂದ ತೆಗೆದಿದ್ದನ್ನೆಲ್ಲ ಗಣಪತಿ ಒಂದೇ ಸಲಕ್ಕೆ ಕುಡಿದು, ಹಾಯಾಗಿ ಮೆತ್ತಗಾಗ್ತಾ ಕೂತ.

ಅಣ್ಣ ನೋಡ್ತಾ ನೋಡ್ತಾ ನಗೋಕೆ ಶುರು ಮಾಡಿದ್ರು. ಕಣ್ಣಲ್ಲಿ ನೀರು ಬರೋವರೆಗೂ ನಕ್ಕು, ಹೆಂಡತಿಗೆ ಅಂದ್ರು: "ಮುಂದಿನ್ ವರ್ಷ ಹೊಟ್ಟೆ ಇನ್ನೊಂಚೂರು ದಪ್ಪ ಮಾಡೋಣ ಕಣೇ."

ಮುಂದಿನ್ ವರ್ಷ! ಆ ಬಾಯಿಂದ ಆ ಮಾತು ಕೇಳದೆ ಎಷ್ಟು ಕಾಲ ಆಗಿತ್ತು. ಆಯಮ್ಮ ಮೂಗೊರೆಸ್ಕೊಂಡು, "ಮಾಡಿ. ಆದ್ರೆ ಬಾಣಂತನಕ್ಕೆ ಮೊದ್ಲೇ ಹೇಳಿ ಕಳಿಸಿ" ಅಂದ್ರು. ನನಗೆ ಅಳು, ನಗು ಒಟ್ಟಿಗೆ ಬಂತು.

ಅಷ್ಟರಲ್ಲಿ ಜನರನ್ನ ಸರಿಸ್ಕೊಂಡು ಕುಂದೂರಿನ ಅಜ್ಜಿ ಮುಂದೆ ಬಂದ್ರು. ಟಬ್ಬಿನ ನೀರು ನೋಡಿದ್ರು. "ಇದೆಲ್ಲ ಎಲ್ಲಿಂದ ತಂದ್ರವ್ವಾ?" ಅಂತ ನನ್ನ ಕೇಳಿದ್ರು.

"ನಮ್ಮ ಶೀತ ತೆಗೆಯೋ ಮೆಷಿನ್ನು ಗಣಪತಿಯಿಂದ ತೆಗೆದಿದ್ದು ಅಜ್ಜಿ" ಅಂದೆ.

ಅಜ್ಜಿ ಒಂದು ಸಲ ಟಬ್ಬು ನೋಡಿದ್ರು, ಒಂದು ಸಲ ಗಣಪತಿ ಮುಖ ನೋಡಿದ್ರು. ಕೆನ್ನೆ ಕೆನ್ನೆ ಬಡ್ಕೊಂಡು, ಅಯ್ಯೋ ಪಾಪ ಅನ್ನೋ ದನಿಯಲ್ಲಿ ಹೇಳಿದ್ರು:

"ನನ್ನ ಈ ಚೋಟುದ್ದ ಮೂಗಿಗೇ ಒಂದು ಡಬ್ಬಿ ಬಂತು. ಅವನದ್ದು ಸೊಂಡ್ಲು ಅಲ್ವೇನವ್ವಾ, ಬರದೆ ಇರ್ತದಾ?"