ಒತ್ತಿಲ್ಲದ ಕೊಡಲಿ

ನನ್ನ ಹೆಸರಿನಲ್ಲಿ ಒಂದು ಕಳ್ಳ ಅಕ್ಷರ ಉಂಟು. ಕಾಪುವಿನ ರಸ್ತೆ ಬದಿಯಲ್ಲಿ ಕುಲುಮೆ ಇಟ್ಟುಕೊಂಡಿದ್ದ ನನ್ನ ಅಪ್ಪ ಕೊನೆಯವರೆಗೂ ವಾಸು ಆಚಾರಿಯಾಗಿಯೇ ಉಳಿದರು. ನಾನು ಮಣಿಪಾಲದ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರಾಗಿ ಸೇರುವ ದಿನ, ಅರ್ಜಿಯ ಮೇಲೆ ಪೆನ್ನು ಊರಿ, ರಕಾರಕ್ಕೊಂದು ಯ ಒತ್ತು ಕೊಟ್ಟು ಸದಾನಂದ ಆಚಾರ್ಯನಾದೆ. ನಮ್ಮವರಲ್ಲಿ ಎಷ್ಟೋ ಜನ ಹಾಗೆ ಬರೆದುಕೊಳ್ಳುತ್ತಾರೆ, ಅದರಲ್ಲೇನೂ ತಪ್ಪಿಲ್ಲ. ತಪ್ಪಿದ್ದದ್ದು ಆಮೇಲಿನ ನನ್ನ ಮೌನದಲ್ಲಿ. ಸಹೋದ್ಯೋಗಿಗಳು ನನ್ನನ್ನು ಮಠದ ಕಡೆಯ ಆಚಾರ್ಯ ಎಂದುಕೊಂಡರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಒಮ್ಮೆ ಒಬ್ಬರು ಗೃಹಪ್ರವೇಶಕ್ಕೆ ಒಳ್ಳೆಯ ದಿನ ನೋಡಿಕೊಡಿ ಎಂದು ಬಂದಾಗ ಗೋಡೆಯ ಕ್ಯಾಲೆಂಡರಿನತ್ತ ಗಂಭೀರವಾಗಿ ನೋಡಿ ಒಂದು ಭಾನುವಾರವನ್ನು ಸೂಚಿಸಿದೆ. ಅವರು ಆ ಮನೆಯಲ್ಲಿ ಇವತ್ತಿಗೂ ಸುಖವಾಗಿದ್ದಾರೆ. ನನ್ನ ಹೆಂಡತಿ ಸುಮತಿ ಮಾತ್ರ ಅದನ್ನು ಮರೆತಿಲ್ಲ. ಮನೆಯಲ್ಲಿ ಏನು ಕೊಳ್ಳುವುದಿದ್ದರೂ ಮುಹೂರ್ತ ಎಂದಿಗೆ ಎಂದು ನನ್ನನ್ನೇ ಕೇಳುತ್ತಾಳೆ.

ಅಪ್ಪನಿಗೆ ಒತ್ತುಗಳ ಗೋಜೇ ಇರಲಿಲ್ಲ. ಬೇರೆ ಕುಲುಮೆಯವರು ತಾವು ಮಾಡಿದ ಕತ್ತಿ ಕೊಡಲಿಗಳ ಮೇಲೆ ಗುರುತು ಒತ್ತುತ್ತಿದ್ದರು. ಒಬ್ಬರದ್ದು ನಕ್ಷತ್ರ, ಇನ್ನೊಬ್ಬರದ್ದು ಮೂರು ಚುಕ್ಕಿ. ನಮ್ಮದೂ ಒಂದು ಇರಲಿ ಎಂದು ನಾನೊಮ್ಮೆ ಹೇಳಿದ್ದಕ್ಕೆ ಅಪ್ಪ, ಕೊಡಲಿ ಚೆನ್ನಾಗಿ ಕಡಿದರೆ ಮಾಡಿದವ ಯಾರೆಂದು ಕೊಂಡವನಿಗೆ ನೆನಪಿರುತ್ತದೆ, ಕಡಿಯದಿದ್ದರೆ ಹೆಸರು ಇಲ್ಲದಿರುವುದೇ ಮರ್ಯಾದೆ ಎಂದಿದ್ದರು. ಅವರು ತೀರಿಕೊಂಡ ಮೇಲೆ ನಾನು ಕುಲುಮೆಯನ್ನು ಅರ್ಧ ದಿನದಲ್ಲಿ ಖಾಲಿ ಮಾಡಿಸಿದೆ. ಅಡೆಗಲ್ಲು, ತಿದಿ, ಇಕ್ಕಳ, ಸುತ್ತಿಗೆ, ಅರ್ಧ ಮಾಡಿಟ್ಟ ಕತ್ತಿಗಳು, ಎಲ್ಲವೂ ಗುಜರಿಯವನ ಟೆಂಪೋ ಹತ್ತಿದವು. ಮಾರನೆಯ ದಿನ ತರಗತಿಯಲ್ಲಿ ಆಕರಗಳನ್ನು ಕಾಪಾಡುವುದರ ಮಹತ್ವದ ಬಗ್ಗೆ ಪಾಠ ಮಾಡಿದೆ. ಚೆನ್ನಾಗಿಯೇ ಮಾಡಿದೆ ಎಂದು ನೆನಪು.

ಹೀಗೆ ಅಪ್ಪನದ್ದೊಂದು ಮೊಳೆಯೂ ಉಳಿಯದೆ ಇಷ್ಟು ವರ್ಷ ಕಳೆದ ಮೇಲೆ, ಹೋದ ತಿಂಗಳು ಉದ್ಯಾವರದ ಲೀನಾ ಬಾಯಿ ಫೋನು ಮಾಡಿದರು. ಅವರ ಮಾವನವರು ಅಪ್ಪನ ಕಾಯಂ ಗಿರಾಕಿ. ಸೌದೆ ಕೊಟ್ಟಿಗೆ ಕೆಡವುವಾಗ ಮರದ ಕಾವಿಲ್ಲದ ಒಂದು ಕೊಡಲಿ ಸಿಕ್ಕಿದೆ, ಗುರುತು ಎಂತದ್ದೂ ಇಲ್ಲ, ನಿಮ್ಮ ಅಪ್ಪನದ್ದೇ ಇರಬೇಕು ಮಾಸ್ಟ್ರೇ, ಬಂದು ಕೊಂಡುಹೋಗಿ ಎಂದರು. ನಾನು ಊಟವನ್ನೂ ಮಾಡದೆ ಹೊರಟೆ. ತುಕ್ಕು ಹಿಡಿದ ಆ ಕಬ್ಬಿಣವನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಬಂದೆ. ಅಪ್ಪ ಬದುಕಿದ್ದಾಗ ಅವರ ಜೊತೆ ಅಷ್ಟು ಒತ್ತಾಗಿ ಕುಳಿತು ಪ್ರಯಾಣ ಮಾಡಿದ್ದು ನೆನಪಿಲ್ಲ.

ನನ್ನ ಹಳೆಯ ಸಹೋದ್ಯೋಗಿ ಮೋಹನದಾಸರು ಮಣಿಪಾಲದ ತಮ್ಮ ಮನೆಯ ಮಹಡಿಯಲ್ಲಿ ಹಳೆಯ ವಸ್ತುಗಳನ್ನು ಜೋಡಿಸಿ ಜನರಿಗೆ ತೋರಿಸುತ್ತಾರೆ. ಕೊಡಲಿಯ ವಿಷಯ ಕೇಳಿ ಅವರು ಗಾಜಿನ ಪೆಟ್ಟಿಗೆ, ಮೇಲೊಂದು ದೀಪ, ಕೆಳಗೆ ಮಾಡಿದವರ ಹೆಸರು ಎಂದು ಅಲ್ಲಿಯೇ ತೀರ್ಮಾನಿಸಿದರು. ಹೆಸರಿಗೆ ಮಾತ್ರ ಆಧಾರ ಬೇಕು ಎಂದರು. ಆಧಾರ ಬೇಕು ಎನ್ನುವುದನ್ನು ಅವರಿಗೆ ಕಲಿಸಿದವನೇ ನಾನು. ಆ ಗಾಜಿನ ಕೆಳಗೆ 'ವಾಸು ಆಚಾರಿ, ಕಾಪು' ಎಂದು ಬರೆಸಿಬಿಟ್ಟರೆ ನಾನು ಮಾಡಿದ್ದಕ್ಕೆಲ್ಲ ಒಂದು ಪರಿಹಾರವಾದೀತು ಎಂದು ಆಸೆಪಟ್ಟೆ. ಅವರು ನನ್ನ ಅಪ್ಪ ಎಂದು ಹೇಳಿ ಬರೆಸುವುದೋ ಹೇಳದೆಯೋ ಎನ್ನುವುದನ್ನು ಆಮೇಲೆ ಯೋಚಿಸಿದರಾಯಿತು ಎಂದುಕೊಂಡೆ.

ಉಡುಪಿಯ ಕಬ್ಬಿಣದ ಅಂಗಡಿಯವನು ಕೊಡಲಿಯನ್ನು ಹಿಂದೆ ಮುಂದೆ ತಿರುಗಿಸಿ, ಇದನ್ನು ಬಿಸಾಡಿ ಸರ್, ಹೊಸದು ಬಂದಿದೆ ಎಂದು ಸ್ಟಿಕ್ಕರ್ ಅಂಟಿಸಿದ್ದೊಂದನ್ನು ಮುಂದಿಟ್ಟ. ಲೋಹದ ವಿಷಯ ಓದಿದ ಪರಿಚಯದವರೊಬ್ಬರು ಒಂದು ಮೂಲೆ ಕತ್ತರಿಸಿಕೊಟ್ಟರೆ ಪರೀಕ್ಷಿಸಬಹುದು ಎಂದರು. ಪರೀಕ್ಷೆಯಲ್ಲಿ ಮಾಡಿದವರ ಹೆಸರು ಬರುತ್ತದೆಯೇ ಎಂದು ಕೇಳಿದೆ. ಅವರು ನನ್ನನ್ನೇ ಪರೀಕ್ಷಿಸುವವರಂತೆ ನೋಡಿದರು. ಕೊನೆಗೆ ಉಳಿದದ್ದು ಕಾರ್ಕಳದ ಶೀನ ಆಚಾರಿ. ಅಪ್ಪನ ಕುಲುಮೆಯಲ್ಲಿ ಇಪ್ಪತ್ತು ವರ್ಷ ಸುತ್ತಿಗೆ ಬೀಸಿದವರು. ಅವರನ್ನು ಮೊದಲು ಕೇಳಬೇಕಿತ್ತು ಎಂದು ನಿಮಗೆ ಅನ್ನಿಸುತ್ತಿರಬಹುದು. ಅಪ್ಪನ ಉತ್ತರಕ್ರಿಯೆಯ ನಂತರ ನಾನು ಅವರ ಮನೆಗೆ ಹೋಗಿರಲಿಲ್ಲ, ಅಷ್ಟೇ ಕಾರಣ.

ಶೀನಣ್ಣನಿಗೆ ಈಗ ಕಣ್ಣು ಮಂಜು. ನನ್ನನ್ನು ಧ್ವನಿಯಿಂದಲೇ ಗುರುತಿಸಿ ಚಾವಡಿಯಲ್ಲಿ ಕೂರಿಸಿದರು, ಸೊಸೆ ಚಹಾ ತಂದಿಟ್ಟಳು. ಅವರು ಕೊಡಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಾವು ತೂರಿಸುವ ಕಣ್ಣಿನೊಳಗೆ ಹೆಬ್ಬೆರಳು ಹಾಕಿ ಸುತ್ತಿಸಿದರು. ಬೆನ್ನಿನ ಮೇಲೆ ಬೆರಳಾಡಿಸಿದರು. ಆಮೇಲೆ ತಲೆ ಅಲ್ಲಾಡಿಸಿದರು.

"ಇದು ನಿನ್ನ ಅಪ್ಪನದ್ದಲ್ಲ. ಅವರು ಮಾಡಿದ್ದು ಈಗ ಎಲ್ಲಿಯೂ ಸಿಗಲಿಕ್ಕಿಲ್ಲ ಮಾರಾಯ. ಕಡಿದು ಕಡಿದು, ಮಸೆದು ಮಸೆದು ಮುಗಿದುಹೋಗಿರುತ್ತದೆ. ಇದು ಇಷ್ಟು ದಪ್ಪ ಉಳಿದಿದೆ ಅಂದರೆ ಇದರಲ್ಲಿ ಯಾರೂ ಸೌದೆ ಒಡೆದಿಲ್ಲ ಅಂತ. ಕಣ್ಣು ವಾರೆ ಉಂಟು, ಕಾವು ನಿಲ್ಲುವುದಿಲ್ಲ."

ಹಾಗಾದರೆ ಯಾರದ್ದು ಎಂದು ಕೇಳಿದೆ.

"ಪೆಟ್ಟು ಎಲ್ಲ ಎಡಗೈಯದ್ದು. ನಮ್ಮ ಕುಲುಮೆಯಲ್ಲಿ ಎಡಗೈಯವ ಒಬ್ಬನೇ ಇದ್ದದ್ದು, ಅಲ್ವಾ?"

ನಾನು ಚಹಾದ ಲೋಟವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದೆ. ಕಣ್ಣು ಮಂಜಾದವರ ಎದುರು ಅದರಿಂದೇನೂ ಪ್ರಯೋಜನವಿರಲಿಲ್ಲ.

ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ ಅಪ್ಪ ನನ್ನನ್ನು ಕುಲುಮೆಯಲ್ಲಿ ನಿಲ್ಲಿಸಿದ್ದರು. ಒಂದೇ ಒಂದು ಕೊಡಲಿ ಮಾಡಿದೆ. ಮಾಡುವಾಗ ನನ್ನ ಕಣ್ಣು ರಸ್ತೆಯ ಮೇಲಿತ್ತು, ಗೆಳೆಯರು ಯಾರಾದರೂ ಬಸ್ಸಿನಿಂದ ನೋಡಿಬಿಟ್ಟಾರೆಂದು. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಅಟ್ಟದ ಮೇಲಿಟ್ಟರು. ಆ ಮೌನವನ್ನು ನಾನು ತಾತ್ಸಾರವೆಂದು ಓದಿಕೊಂಡೆ. ಮತ್ತೆ ಕುಲುಮೆಯ ಮೆಟ್ಟಿಲು ಹತ್ತಲಿಲ್ಲ. ಇತಿಹಾಸ ಓದಿ ಮೇಷ್ಟ್ರಾದವನು ಅಪ್ಪನ ಒಂದು ಮುಖವನ್ನು ಜೀವಮಾನವಿಡೀ ತಪ್ಪು ಓದಿದ್ದೆ.

ಶೀನಣ್ಣ ಹೇಳಿದ್ದು ಇಷ್ಟು. ಉದ್ಯಾವರದವರಿಗೆ ತಮ್ಮದೊಂದು ಕೊಡಲಿ ಕೊಡುವಾಗ ಅಪ್ಪ ಇದನ್ನೂ ಅವರ ಕೈಗಿತ್ತು, ಇದು ಕಡಿಯುವುದಿಲ್ಲ, ಮಗ ಮಾಡಿದ್ದು, ನಿಮ್ಮಲ್ಲಿ ಇರಲಿ ಎಂದಿದ್ದರಂತೆ.

"ಇಲ್ಲಿ ಇಟ್ಟರೆ ಕಬ್ಬಿಣ ಸಾಲದ ದಿನ ನಾನು ಕಾಯಿಸಿ ಬೇರೆ ಎಂತಾದರೂ ಮಾಡಿಬಿಟ್ಟೇನು ಅಂತ ಅವರಿಗೆ ಹೆದರಿಕೆ," ಎಂದರು ಶೀನಣ್ಣ.

ಕಾರ್ಕಳದಿಂದ ಉಡುಪಿಗೆ ಬರುವಷ್ಟೂ ದಾರಿ ಆ ಚೀಲ ನನ್ನ ತೊಡೆಯನ್ನು ಒತ್ತುತ್ತಲೇ ಇತ್ತು. ಅಪ್ಪ ಮಾಡಿದ್ದೆಲ್ಲ ಚೆನ್ನಾಗಿದ್ದುದರಿಂದ ಸವೆದುಹೋಯಿತು. ಉಳಿದದ್ದನ್ನು ನಾನು ಟೆಂಪೋ ಹತ್ತಿಸಿದೆ. ನಾನು ಮಾಡಿದ, ಕೆಲಸಕ್ಕೆ ಬಾರದ ಒಂದು ಕಬ್ಬಿಣದ ತುಂಡನ್ನು ಅವರು ತಮ್ಮ ಕುಲುಮೆಯಿಂದಲೇ ಬಚ್ಚಿಟ್ಟು ಉಳಿಸಿದರು. ನನಗೆ ಅಳು ಬಂತು. ಪಕ್ಕದ ಸೀಟಿನವರು ಕಿಟಕಿ ಹಾಕಬೇಕೇ, ಧೂಳು ಬರುತ್ತಿದೆಯೇ ಎಂದು ವಿಚಾರಿಸಿದರು. ಹೌದು ಎಂದೆ.

ಸಂಜೆ ಮೋಹನದಾಸರು ಫೋನಿನಲ್ಲಿ, ಮಾಡಿದವರು ಯಾರೆಂದು ಗೊತ್ತಾಯಿತೇ ಆಚಾರ್ಯರೇ ಎಂದು ಕೇಳಿದರು. ನಾನೇ ಮಾಡಿದ್ದು, ನನ್ನ ಅಪ್ಪನ ಕುಲುಮೆಯಲ್ಲಿ ಎಂದರೆ ಮುಗಿಯುತ್ತಿತ್ತು. ಸುಮತಿ ಬಾಗಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಗೊತ್ತಾಗಲಿಲ್ಲ ಎಂದೆ. ಅವಳು ಒಳಗೆ ಹೋದಳು. ಅಂದಿನಿಂದ ಮುಹೂರ್ತವನ್ನೂ ಕೇಳುತ್ತಿಲ್ಲ.

ಕೊಡಲಿ ಈಗ ಗಾಜಿನ ಪೆಟ್ಟಿಗೆಯಲ್ಲಿದೆ. ಬಂದವರು ಫೋಟೋ ತೆಗೆದುಕೊಳ್ಳುತ್ತಾರೆ, ಹಳೆಯ ಕಾಲದವರ ಕೈ ಎಂದರೆ ಕೈ ಎನ್ನುತ್ತಾರೆ. ಕೆಳಗಿನ ಫಲಕದಲ್ಲಿ ಎರಡು ಸಾಲು ಉಂಟು. ಮಾಡಿದವರು: ತಿಳಿದಿಲ್ಲ. ಪರಿಶೀಲಿಸಿದವರು: ಸದಾನಂದ ಆಚಾರ್ಯ. ಯ ಒತ್ತು ಸರಿಯಾಗಿ ಬಿದ್ದಿದೆ. ಅಚ್ಚಿಗೆ ಹೋಗುವ ಮೊದಲು ನಾನೇ ನೋಡಿಕೊಟ್ಟಿದ್ದೆ.