ಹುಳದ ಮನೆಯ ಸಿಂಥ್

ಆ ಬೆಳಗ್ಗೆ ಮಂಜು ದಟ್ಟವಾಗಿ ಕವಿದು, ನಂದಿ ಬೆಟ್ಟಕ್ಕೆ ಯಾರೋ ಕಂಬಳಿ ಹೊದಿಸಿ ಮಲಗಿಸಿದಂತಿತ್ತು. ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಹೈಸ್ಕೂಲು ಗುಮಾಸ್ತ ಮುರಳಿಮೋಹನ್ ಮಾತ್ರ ಆಗಲೇ ಎದ್ದು, ಘಮಘಮ ಪೌಡರು ಬಳಿದುಕೊಂಡು, ಮೈಕು ಹಿಡಿದು ಹೊರಟಿದ್ದ. ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಕೆಲವರಿಗೆ ಕೈ. ಮುರಳಿಗೆ ಆಸೆ ಕೊಟ್ಟಿದ್ದ.

ಚಿಕ್ಕಬಳ್ಳಾಪುರದ ಗೆಳೆಯ ಅಚ್ಯುತ್, ರಾಗಿ ಬೀಸುವ ಹಾಡುಗಳಿಗೆ ಸಿಂಥ್ ಕೀಬೋರ್ಡಿನ ಸದ್ದು ಕೂಡಿಸಿ ರೀಮಿಕ್ಸ್ ಆಲ್ಬಮ್ ಮಾಡುತ್ತಿದ್ದ. ಕೊನೆಯ ಹಾಡು ಸಂಜೆಯೊಳಗೆ ಬೇಕು. ಕಂಠ ಪಕ್ಕದ ಮನೆ ಓಬಳಮ್ಮನದು, ಸಿಂಥ್ ಮುರಳಿಯದು. ಆಲ್ಬಮ್ಮಿನ ಮೇಲೆ ತನ್ನ ಹೆಸರು ಬಂದುಬಿಟ್ಟರೆ ಜನ್ಮ ಪಾವನ ಎಂದುಕೊಂಡಿದ್ದ.

ಓಬಳಮ್ಮ ರೇಷ್ಮೆಹುಳದ ಮನೆಯ ಬಾಗಿಲಲ್ಲೇ ತಡೆದಳು. "ಹುಳ ನಾಲ್ಕನೇ ಜ್ವರ ಬಿಟ್ಟು, ಪೊರೆ ಕಳಚಿ ಎದ್ದವೆ ಕಣಪ್ಪ, ಹಸಿದು ಕುಂತವೆ. ನಾನೆಲ್ಲಿಗೂ ಬರಲ್ಲ. ಹಾಡು ಬೇಕಂದ್ರೆ ಇಲ್ಲೇ."

ಎದುರುಮನೆ ಶ್ಯಾಮಲಮ್ಮ ಕಾಂಪೌಂಡಿನಿಂದಲೇ ಮೂಗೆಳೆದಳು. "ಅಯ್ಯೋ, ಪೌಡರ್ ವಾಸನೆ! ಇವನು ಒಳಗೆ ಹೋದ್ರೆ ಹುಳ ಉಳಿದಂಗೇ!"

ಪೌಡರು ತೊಳೆಯಲು ಮುರಳಿಗೆ ಮಂಜಿನಲ್ಲೇ ತಣ್ಣೀರ ಸ್ನಾನವಾಯಿತು. ಹಲ್ಲು ಕಟಕಟ ಅನ್ನುತ್ತ ಒಳಹೊಕ್ಕರೆ ಇನ್ನೊಂದು ಫಜೀತಿ. "ನಾನು ಹಾಡ್ತಾ ಕುಂತ್ರೆ ಸೊಪ್ಪು ಯಾರ್ ಹಾಕ್ತಾರಪ್ಪ?"

ಮುರಳಿಯೇ ಹಾಕಿದ. ಹೊರೆ ಹೊತ್ತ, ಹರವಿದ, ಕಸ ಬಳಿದ. ಶ್ಯಾಮಲಮ್ಮ ಕಿಟಕಿಯಿಂದ "ದಪ್ಪಗೆ ಹಾಕ್ಬೇಡ, ಗಾಳಿ ಆಡ್ಲಿ" ಅಂದಾಗಲೆಲ್ಲ ಹಾಡು ಮೊದಲಿನಿಂದ. ಮಧ್ಯಾಹ್ನದ ಹೊತ್ತಿಗೆ ಹಾಡು ಸಿಕ್ಕಿತು, ಸೊಂಟ ಹೋಯಿತು. ಹಾಡಿನ ಹಿಂದೆ ಹುಳ ಸೊಪ್ಪು ಮೇಯುವ ಸರಸರ ಸದ್ದೂ ಸೇರಿಕೊಂಡಿತ್ತು.

ಮನೆಗೆ ಬಂದು ಸಿಂಥ್ ನುಡಿಸಿ ಕಳಿಸಿದ. ಅಚ್ಯುತ್ ಫೋನಿನಲ್ಲಿ ಕುಣಿದಾಡಿದ. "ಹಾಡು ಬಂಗಾರ ಕಣೋ! ಆ ಮಳೆ ಸೌಂಡಂತೂ ಸೂಪರ್! ನಿನ್ನ ಸಿಂಥ್ ಮಾತ್ರ, ಬ್ರೇಕ್ ಫೇಲಾದ ಟೆಂಪೋ ಥರ ಓಡ್ತಾ ಇದೆ. ಲೈನಲ್ಲೇ ಇರ್ತೀನಿ, ಇನ್ನೊಂದ್ಸಲ ನುಡ್ಸು."

ನುಡಿಸಿದ.

"ಬೇಡ ಕಣೋ."

ಮತ್ತೆ ನುಡಿಸಿದ.

"ಮುರಳೀ, ಬೇಜಾರ್ ಮಾಡ್ಕೋಬೇಡ, ಬೇರೆಯವರ ಹತ್ರ ನುಡಿಸ್ತೀನಿ."

ಅಷ್ಟರಲ್ಲಿ ಓಬಳಮ್ಮ ಕೈ ಒರೆಸಿಕೊಳ್ಳುತ್ತ ಒಳಬಂದಳು. "ನೀನು ಬೆಳಗ್ಗಿಂದ ನನ್ ಕೆಲಸ ಮಾಡ್ಕೊಟ್ಟೆ. ಆಳಿಗೆ ಆಳು ಬಂದು ಮುಯ್ಯಿ ತೀರಿಸ್ಬೇಕು, ನಮ್ಮ ಕಡೆ ಪದ್ಧತಿ ಅದು. ನಿನ್ ಕೆಲ್ಸ ಯಾವ್ದಪ್ಪ, ಇದೇನಾ? ಜರುಗು."

"ದೊಡ್ಡಮ್ಮ, ಅದು..."

ಆಕೆ ಕೂತೇಬಿಟ್ಟಳು. ಒಂದು ಕೀ ಒತ್ತಿ, ಅದರ ನಾದ ಪೂರ್ತಿ ಆರುವವರೆಗೆ ಕಾದಳು. ಆಮೇಲೆ ಇನ್ನೊಂದು. ಹಸಿದ ಹುಳದ ಮುಂದೆ ಎಲೆ ಇಟ್ಟಷ್ಟು ಮೆಲ್ಲಗೆ.

ಫೋನು ಕಿರುಚಿತು. "ಇದೇ! ಇದೇ ಬೇಕಿತ್ತು! ಯಾರೋ ಅದು? ಆಲ್ಬಮ್ಮಿಗೆ ಹೆಸರು ಹೇಳೋ!"

ಮುರಳಿ ಕಣ್ಣು ಮುಚ್ಚಿ ಇಷ್ಟದೇವರನ್ನು ನೆನೆದ. ಸುಳ್ಳು ಹೇಳಲು ನಾಲಗೆ ಏಳಲಿಲ್ಲ.

"ಓಬಳಮ್ಮ," ಅಂದ.

"ಕಂಠ ಅವರದೇ ಅಂತ ಗೊತ್ತು ಕಣೋ. ಸಿಂಥ್ ಯಾರದು?"

"ಅದೂ ಅವರದೇ."

ಓಬಳಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ಮುಯ್ಯಿ ತೀರ್ತು ಕಣಪ್ಪ," ಎಂದು ಅವನ ತಲೆ ಸವರಿ, ಸೊಪ್ಪು ಹಾಕಲು ಹೋದಳು.